ಮತಗಟ್ಟೆಯಲ್ಲಿ ಕುಳಿತವನ ಸಂಕಟ

(ಇಟಾಲೊ ಕಾಲ್ವಿನೊನ ಒಂದು ಕಿರುಕಾದಂಬರಿಯನ್ನು ಕುರಿತು)

ಚುನಾವಣೆಯ ವಿಷಯದಲ್ಲಿ ನಮ್ಮವರಿಗೆ ಮಾತಿನ ಬರವಿಲ್ಲ. ಸಂಘದ ವಾಚನಾಲಯದಲ್ಲಿ ಸಂಜೆ ನಾಲ್ಕು ಜನ ಸೇರಿದರೆ ಸಾಕು, ಯಾರು ಗೆದ್ದರು, ಏಕೆ ಗೆದ್ದರು, ಯಾವ ಓಣಿಯ ಮತ ಎತ್ತ ಹೋಯಿತು ಎಂಬ ಚರ್ಚೆ ದೀಪ ಆರಿಸುವವರೆಗೂ ನಡೆಯುತ್ತದೆ. ಆದರೆ ಮತಪೆಟ್ಟಿಗೆಯ ಪಕ್ಕದ ಬೆಂಚಿನ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕುಳಿತು ಬಂದವರನ್ನೆಲ್ಲ ನೋಡುವ ಮನುಷ್ಯನ ಬಗ್ಗೆ ಯಾರೂ ಮಾತನಾಡುವುದಿಲ್ಲ. ಅವನು ಅಭ್ಯರ್ಥಿಯಲ್ಲ, ಅಧಿಕಾರಿಯಲ್ಲ. ಪಕ್ಷದವರು ಕೇಳಿಕೊಂಡರೆಂದೋ, ತನ್ನ ಮನಸ್ಸಿಗೇ ತೋಚಿತೆಂದೋ ಒಂದು ದಿನದ ಮಟ್ಟಿಗೆ ಆ ಕೆಲಸಕ್ಕೆ ಒಪ್ಪಿಕೊಂಡ ಸಾಧಾರಣ ನಾಗರಿಕ. ಅವನ ಕೆಲಸ ನೋಡುವುದು. ತಪ್ಪು ಕಂಡರೆ 'ತಡೆಯಿರಿ' ಎನ್ನುವುದು. ಅಷ್ಟೆ.

ನಮ್ಮ ಸಾಹಿತಿಗಳು ಚುನಾವಣೆಗೆ ನಿಂತದ್ದುಂಟು. ಗೋಪಾಲಕೃಷ್ಣ ಅಡಿಗರು 1971ರಲ್ಲಿ, ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೆ ಸ್ಪರ್ಧಿಸಿ ಸೋತರು. ಆದರೆ ಈ ಬೆಂಚಿನ ಮೇಲೆ ಕುಳಿತ ಅನುಭವದಿಂದ ಸಾಹಿತ್ಯ ಹುಟ್ಟುವುದು ಬಹಳ ಅಪರೂಪ. ಇಟಲಿಯ ಲೇಖಕ ಇಟಾಲೊ ಕಾಲ್ವಿನೊ (1923-1985) ಎರಡನ್ನೂ ಮಾಡಿದವನು. 1953ರಲ್ಲಿ ಕಮ್ಯುನಿಸ್ಟ್ ಪಕ್ಷದ ಪಟ್ಟಿಯಲ್ಲಿ ಅವನ ಹೆಸರಿತ್ತು. 1961ರಲ್ಲಿ ಟ್ಯೂರಿನ್ ನಗರದ ಒಂದು ಮತಗಟ್ಟೆಯಲ್ಲಿ ಪರಿವೀಕ್ಷಕನಾಗಿ ಕುಳಿತ. ಈ ಎರಡು ಅನುಭವಗಳಿಂದ ಮೂಡಿದ ಕಿರುಕಾದಂಬರಿ 1963ರಲ್ಲಿ ಪ್ರಕಟವಾಯಿತು. ವಿಲಿಯಂ ವೀವರ್ ಮಾಡಿದ ಇಂಗ್ಲಿಷ್ ಅನುವಾದ 'ದಿ ವಾಚರ್' ಎಂಬ ಹೆಸರಿನಲ್ಲಿ 1971ರಲ್ಲಿ ಬಂತು. ನಾನು ಓದಿರುವುದು ಅದನ್ನೇ. ನೂರು ಪುಟಗಳೂ ಇಲ್ಲದ, ಘಟನೆಗಳೇ ಇಲ್ಲವೆನ್ನಬಹುದಾದ ಈ ಪುಸ್ತಕವನ್ನು ನಮ್ಮ ಓದುಗರ ಮುಂದಿಡಲು ಕಾರಣವಿದೆ. ಮತದಾನವೆಂದರೆ ಏನೆಂದು ನಾವು ತಿಳಿದುಕೊಂಡಿದ್ದೇವೋ ಅದನ್ನು ಇದು ಬುಡದಿಂದ ಅಲುಗಾಡಿಸುತ್ತದೆ.

ಕಥೆ ನಡೆಯುವುದು ಒಂದೇ ದಿನ, 1953ರ ಇಟಲಿಯ ಮಹಾಚುನಾವಣೆಯಂದು. ಆ ಚುನಾವಣೆಯ ಹಿನ್ನೆಲೆ ತಿಳಿಯದಿದ್ದರೆ ಕಾದಂಬರಿಯ ಬಿಸಿ ಮುಟ್ಟುವುದಿಲ್ಲ. ಆಗ ಆಳುತ್ತಿದ್ದ ಕ್ರಿಶ್ಚಿಯನ್ ಡೆಮಾಕ್ರಟ್ ಪಕ್ಷ ಒಂದು ಹೊಸ ಕಾನೂನು ತಂದಿತ್ತು. ಒಟ್ಟು ಮತಗಳಲ್ಲಿ ಅರ್ಧಕ್ಕಿಂತ ಒಂದೇ ಒಂದು ಹೆಚ್ಚು ಪಡೆದ ಮೈತ್ರಿಕೂಟಕ್ಕೆ ಸಂಸತ್ತಿನ ಕೆಳಮನೆಯಲ್ಲಿ ಶೇಕಡಾ 65ರಷ್ಟು ಸ್ಥಾನಗಳು. ವಿರೋಧಿಗಳು ಇದನ್ನು ವಂಚನೆಯ ಕಾನೂನೆಂದು ಕರೆದರು. ಫಲಿತಾಂಶ ಬಂದಾಗ ಮೈತ್ರಿಕೂಟ ಅರ್ಧದ ಗೆರೆಯನ್ನು ಮುಟ್ಟಲಿಲ್ಲ. ಇಡೀ ದೇಶದಲ್ಲಿ ಅದಕ್ಕೆ ಕಡಿಮೆ ಬಿದ್ದದ್ದು ಅರವತ್ತು ಸಾವಿರಕ್ಕೂ ಒಳಗಿನ ಮತಗಳು. ಮರುವರ್ಷ ಕಾನೂನೇ ರದ್ದಾಯಿತು. ಅಂದರೆ ಆ ದಿನ ಮೂಲೆಯ ಒಂದು ಮತಗಟ್ಟೆಯಲ್ಲಿ ಬಿದ್ದ ಹತ್ತಿಪ್ಪತ್ತು ಸಂದೇಹದ ಮತಗಳೂ ಹಗುರವಾದವುಗಳಲ್ಲ.

ಕಾದಂಬರಿಯ ನಾಯಕ ಅಮೆರಿಗೊ ಓರ್ಮೆಯಾ ನಿಷ್ಠಾವಂತ ಕಮ್ಯುನಿಸ್ಟ್, ಆದರೆ ಹುಮ್ಮಸ್ಸಿನ ಕಾರ್ಯಕರ್ತನಲ್ಲ. ಓದಿಕೊಂಡ, ಅನುಮಾನದ ಸ್ವಭಾವದ ಮನುಷ್ಯ. ಮಳೆ ಸುರಿಯುವ ನಸುಕಿನಲ್ಲಿ ಅವನು ಮನೆಯಿಂದ ಹೊರಡುತ್ತಾನೆ. ಪಕ್ಷ ಅವನಿಗೆ ಗೊತ್ತುಮಾಡಿರುವ ಮತಗಟ್ಟೆ ಇರುವುದು ಕೊತ್ತೊಲೆಂಗೊ ಎಂಬ ಧರ್ಮಸಂಸ್ಥೆಯ ಒಳಗೆ. ಈ ಸಂಸ್ಥೆ ಕಲ್ಪನೆಯದಲ್ಲ. ಜುಸೆಪ್ಪೆ ಕೊತ್ತೊಲೆಂಗೊ ಎಂಬ ಪಾದ್ರಿ 1832ರಲ್ಲಿ ಟ್ಯೂರಿನ್‌ನಲ್ಲಿ ಸ್ಥಾಪಿಸಿದ ಆಶ್ರಯಧಾಮ ಅದು. ಹುಟ್ಟಿನಿಂದ ಅಂಗವಿಕಲರಾದವರು, ಬುದ್ಧಿ ಬೆಳೆಯದವರು, ಮನೆಯವರು ಕೈಬಿಟ್ಟ ರೋಗಿಗಳು, ಅವರನ್ನು ನೋಡಿಕೊಳ್ಳುವ ಸನ್ಯಾಸಿನಿಯರು, ಹೀಗೆ ಊರೊಳಗೇ ಇನ್ನೊಂದು ಊರು. ಎರಡನೆಯ ಮಹಾಯುದ್ಧದ ನಂತರ ಇಟಲಿಯಲ್ಲಿ ಎಲ್ಲರಿಗೂ ಮತದ ಹಕ್ಕು ಬಂದಾಗ ಇವರಿಗೂ ಬಂತು. ಪಾದ್ರಿಗಳೂ ಸನ್ಯಾಸಿನಿಯರೂ ಇವರನ್ನು ಸಾಲುಗಟ್ಟಿಸಿ ತಂದು ಆಳುವ ಪಕ್ಷಕ್ಕೆ ಮತ ಹಾಕಿಸುತ್ತಾರೆ ಎಂಬುದು ಎದುರು ಪಕ್ಷಗಳ ಹಳೆಯ ದೂರು. ಮತಪತ್ರವನ್ನು ತಿಂದುಬಿಟ್ಟವನ ಕಥೆ, ಮತ ಹಾಕುವ ಮರೆಯನ್ನು ಪಾಯಖಾನೆಯೆಂದು ತಿಳಿದವನ ಕಥೆ, ಇಂಥವು ನಗರದಲ್ಲಿ ನಗೆಯ ಸರಕಾಗಿದ್ದವು. ಅಮೆರಿಗೊ ಬರುವುದು ಇದನ್ನು ತಡೆಯಲೆಂದೇ.

ಇಲ್ಲಿಯವರೆಗೆ ಇದು ಪಕ್ಷದ ಕರಪತ್ರಕ್ಕೆ ಸಲ್ಲುವ ವಸ್ತು. ತಾನೇ ಅಭ್ಯರ್ಥಿಯಾಗಿದ್ದ 1953ರಲ್ಲಿ ಈ ಸಂಸ್ಥೆಯೊಳಗೆ ಕೆಲವೇ ನಿಮಿಷ ಕಾಲಿಟ್ಟಿದ್ದ ಕಾಲ್ವಿನೊ, ಆಗಲೇ ಬರೆದಿದ್ದರೆ ಬಹುಶಃ ಕರಪತ್ರವನ್ನೇ ಬರೆಯುತ್ತಿದ್ದ. ಬರೆಯಲು ಅವನಿಗೆ ಹತ್ತು ವರ್ಷ ಬೇಕಾಯಿತು. ನಡುವೆ, ಹಂಗೆರಿಯ ಘಟನೆಗಳ ನಂತರ 1957ರಲ್ಲಿ, ಅವನು ಪಕ್ಷವನ್ನೂ ಬಿಟ್ಟ. ಈ ಹತ್ತು ವರ್ಷಗಳ ಭಾರ ಕೃತಿಯ ವಾಕ್ಯರಚನೆಯಲ್ಲೇ ಕಾಣುತ್ತದೆ. ಅಮೆರಿಗೊನ ಪ್ರತಿಯೊಂದು ನಿರ್ಧಾರದ ಬೆನ್ನಿಗೇ ಆವರಣ ಚಿಹ್ನೆಯೊಳಗೆ ಒಂದು ಅನುಮಾನ, ಆ ಅನುಮಾನಕ್ಕೆ ಇನ್ನೊಂದು ತಿದ್ದುಪಡಿ. ಮೊದಲ ಓದಿಗೆ ಇದು ಸ್ವಲ್ಪ ಬೇಸರ ತರಬಹುದು. ಆದರೆ ಆಕ್ಷೇಪಣೆ ಎತ್ತಬೇಕೋ ಬೇಡವೋ ಎಂದು ಬೆಂಚಿನ ಮೇಲೆ ಕುಳಿತೇ ತೊಳಲಾಡುವ ಮನುಷ್ಯನ ಮನಸ್ಸಿಗೆ ಇದಕ್ಕಿಂತ ಹೊಂದುವ ಶೈಲಿ ಬೇರೆ ಇಲ್ಲವೆಂದು ಎರಡನೆಯ ಓದಿನಲ್ಲಿ ತಿಳಿಯುತ್ತದೆ.

ಅಮೆರಿಗೊನ ತೊಳಲಾಟ ಯಾವುದು? ಸನ್ಯಾಸಿನಿಯ ಕೈಹಿಡಿದು ಬಂದವನು ತಾನೇ ಮತ ಹಾಕುತ್ತಿದ್ದಾನೆಯೆ ಎಂದು ಅವನು ನೋಡಬೇಕು. ಹಾಗೆ ನೋಡುತ್ತ ನೋಡುತ್ತ ಪ್ರಶ್ನೆ ಅವನಿಗೆ ಗೊತ್ತಾಗದಂತೆಯೇ ಬದಲಾಗಿಬಿಡುತ್ತದೆ: ಇವನಿಗೆ ಮತ ಹಾಕುವಷ್ಟು ಬುದ್ಧಿ ಇದೆಯೆ? ಇನ್ನೂ ಮುಂದೆ ಹೋಗಿ, ಇವನನ್ನು ಮನುಷ್ಯನೆಂದು ಕರೆಯುವುದು ಎಲ್ಲಿಯವರೆಗೆ? ಎಲ್ಲರೂ ಸಮಾನರೆಂದು ನಂಬಿದ ಪಕ್ಷದವನ ಬಾಯಲ್ಲಿ ಇಂಥ ಪ್ರಶ್ನೆ! ಇವರಿಗೆ ಮತವಿಲ್ಲ ಎಂದರೆ ಅವನು ತನ್ನ ತತ್ತ್ವಕ್ಕೆ ದ್ರೋಹ ಬಗೆದಂತೆ; ಇದೆ ಎಂದರೆ ಸನ್ಯಾಸಿನಿಯರ ಕೈಯಲ್ಲಿರುವ ಕಂತೆಕಂತೆ ಮತಗಳನ್ನು ಎದುರಾಳಿಗೆ ಎತ್ತಿಕೊಟ್ಟಂತೆ. ಮಧ್ಯಾಹ್ನದ ಬಿಡುವಿನಲ್ಲಿ ಮನೆಗೆ ಹೋಗಿ ಮಾರ್ಕ್ಸ್‌ನ ಎಳೆಯ ವಯಸ್ಸಿನ ಬರಹಗಳನ್ನು ತಿರುವಿ ಹಾಕುತ್ತಾನೆ. ಉತ್ತರ ದೊರೆಯುವುದಿಲ್ಲ.

ಉತ್ತರದ ಹತ್ತಿರ ಅವನನ್ನು ಕರೆದೊಯ್ಯುವುದು ಪುಸ್ತಕವಲ್ಲ, ಒಂದು ದೃಶ್ಯ. ಹಾಸಿಗೆಯಿಂದ ಏಳಲಾರದವರ ಮತ ಪಡೆಯಲು ಅಧಿಕಾರಿಗಳು ರೋಗಿಗಳ ಕೋಣೆಗೆ ಹೋಗುತ್ತಾರೆ, ಅಮೆರಿಗೊ ಜೊತೆಯಲ್ಲಿರುತ್ತಾನೆ. ಅಲ್ಲಿ ಒಬ್ಬ ಮುದಿ ರೈತ ಬುದ್ಧಿ ಬೆಳೆಯದ ತನ್ನ ಮಗನ ಹಾಸಿಗೆಯ ಪಕ್ಕದಲ್ಲಿ ಕುಳಿತು ಬಾದಾಮಿ ಒಡೆದು ಒಂದೊಂದಾಗಿ ಕೊಡುತ್ತಿದ್ದಾನೆ. ಮಗ ಅಗಿಯುತ್ತಿದ್ದಾನೆ, ತಂದೆ ನೋಡುತ್ತಿದ್ದಾನೆ. ಮಾತಿಲ್ಲ. ಅಷ್ಟೇ ದೃಶ್ಯ. ಮನುಷ್ಯತ್ವದ ಗಡಿ ಎಲ್ಲಿದೆ ಎಂದು ಬೆಳಗಿನಿಂದ ಅಳೆಯುತ್ತಿದ್ದ ಅಮೆರಿಗೊಗೆ ಅದು ಬುದ್ಧಿಯಲ್ಲಿಲ್ಲ, ಒಬ್ಬರನ್ನೊಬ್ಬರು ಬಿಡದೆ ಹಿಡಿದುಕೊಂಡಿರುವ ಈ ಅಕ್ಕರೆಯಲ್ಲಿದೆ ಎಂದು ಹೊಳೆಯುತ್ತದೆ. ಇಡೀ ಕೃತಿಯ ಜೀವ ಈ ಭಾಗದಲ್ಲಿದೆ. ಕಾಲ್ವಿನೊ ಇಲ್ಲಿ ಕಣ್ಣೀರಿಗೆ ಅವಕಾಶ ಕೊಡದೆ, ಬಾದಾಮಿಯ ಸಿಪ್ಪೆಗಿಂತ ದೊಡ್ಡದೇನನ್ನೂ ತೋರಿಸದೆ ಬರೆದಿದ್ದಾನೆ.

ಸರಿ, ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಈ ದರ್ಶನವಾದ ಮೇಲೂ ಅಮೆರಿಗೊ ತನ್ನ ಕೆಲಸ ಬಿಡುವುದಿಲ್ಲ. ಮಾತೂ ಇಲ್ಲದ, ಸನ್ನೆಯೂ ಇಲ್ಲದ ರೋಗಿಯ ಪರವಾಗಿ ಇನ್ನೊಬ್ಬರು ಗುರುತು ಹಾಕಲು ಹೊರಟಾಗ ತಡೆಯುತ್ತಾನೆ. ಕೆಲವರು ಈ ಕಾದಂಬರಿಯನ್ನು ರಾಜಕೀಯದಿಂದ ವೈರಾಗ್ಯಕ್ಕೆ ಹೊರಳಿದವನ ಕಥೆಯೆಂದು ಓದಬಹುದು. ನನಗೆ ಹಾಗೆ ತೋರುವುದಿಲ್ಲ. ಆ ರೋಗಿ ಮನುಷ್ಯನಲ್ಲ ಎಂದು ಅವನು ತಡೆಯುವುದಲ್ಲ. ಮನುಷ್ಯನಾದ್ದರಿಂದಲೇ ಅವನ ಹೆಸರಿನಲ್ಲಿ ಇನ್ನೊಬ್ಬನು ಮತ ಹಾಕಕೂಡದು ಎಂದು ತಡೆಯುತ್ತಾನೆ. ಬೆಳಗಿನ ಆಕ್ಷೇಪಣೆಗೂ ಸಂಜೆಯ ಆಕ್ಷೇಪಣೆಗೂ ಮಾತು ಒಂದೇ, ಅರ್ಥ ಬೇರೆ. ಪರಿವೀಕ್ಷಕ ನೋಡಬೇಕಾದದ್ದು ಮತದಾರನ ಮುಖವನ್ನಲ್ಲ, ಅವನ ಪಕ್ಕದಲ್ಲಿ ನಿಂತವನ ಕೈಯನ್ನು. ಕೃತಿ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ; ಆದರೆ ನಮ್ಮನ್ನು ಮುಟ್ಟಿಸುವುದು ಇಲ್ಲಿಗೇ.

ನಮ್ಮ ದೇಶದ ಕಾನೂನನ್ನು ಇದರೊಡನೆ ಹೋಲಿಸಿ ನೋಡಿದರೆ ಅದನ್ನು ಬರೆದವರ ವಿವೇಕ ಮನಸ್ಸಿಗೆ ಬರುತ್ತದೆ. 1950ರ ಜನಪ್ರಾತಿನಿಧ್ಯ ಕಾಯಿದೆಯ ಪ್ರಕಾರ ಬುದ್ಧಿಸ್ವಾಸ್ಥ್ಯವಿಲ್ಲವೆಂದು ಒಬ್ಬನ ಹೆಸರನ್ನು ಮತದಾರರ ಪಟ್ಟಿಯಿಂದ ಹೊರಗಿಡಬೇಕಾದರೆ ಅಧಿಕಾರವುಳ್ಳ ನ್ಯಾಯಾಲಯವೇ ಹಾಗೆಂದು ಘೋಷಿಸಿರಬೇಕು. ಮತಗಟ್ಟೆಯ ಅಧಿಕಾರಿಗಾಗಲಿ ಏಜೆಂಟನಿಗಾಗಲಿ ಎದುರಿಗೆ ಬಂದವನ ಬುದ್ಧಿಯನ್ನು ತೂಗುವ ಹಕ್ಕಿಲ್ಲ. ಇವನು ಪಟ್ಟಿಯಲ್ಲಿರುವ ವ್ಯಕ್ತಿಯೇ ಅಲ್ಲ ಎಂದು ಏಜೆಂಟ್ ಆಕ್ಷೇಪಿಸಬಹುದು, ಅದೂ ಎರಡು ರೂಪಾಯಿ ಕಟ್ಟಿ. ಇವನು ದಡ್ಡ ಎಂದು ಆಕ್ಷೇಪಿಸುವಂತಿಲ್ಲ. ಆದರೆ ಕಣ್ಣು ಕಾಣದವರ, ಅಶಕ್ತರ ಜೊತೆಗಾರನ ವಿಷಯದಲ್ಲಿ 1961ರ ಚುನಾವಣಾ ನಿಯಮಗಳು ಬಹಳ ಬಿಗಿ. ಒಬ್ಬನು ಒಂದು ದಿನ ಒಬ್ಬರಿಗಿಂತ ಹೆಚ್ಚು ಜನರಿಗೆ ಜೊತೆಗಾರನಾಗುವಂತಿಲ್ಲ. ಹಾಕಿದ ಮತವನ್ನು ಗುಟ್ಟಾಗಿ ಇಡುತ್ತೇನೆಂದು ಬರೆದುಕೊಡಬೇಕು. ಅಮೆರಿಗೊ ಇಡೀ ಒಂದು ಹಗಲು ಒದ್ದಾಡಿ ಕಂಡುಕೊಂಡದ್ದನ್ನು ನಮ್ಮ ನಿಯಮ ಎರಡು ಸಾಲುಗಳಲ್ಲಿ ಹೇಳಿದೆ.

ಹೇಳಿದರೆ ಸಾಲದು, ಬೆಂಚಿನ ಮೇಲೆ ಕುಳಿತವನಿಗೆ ಬಾಯಿ ಬರಬೇಕು. ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳುವುದು ಒಳ್ಳೆಯದು. 1980ರ ದಶಕದ ಒಂದು ಚುನಾವಣೆಯಲ್ಲಿ ಮುಂಬಯಿಯ ಉಪನಗರವೊಂದರ ಶಾಲೆಯ ಕೋಣೆಯಲ್ಲಿ ನಾನೂ ಏಜೆಂಟನಾಗಿ ಕುಳಿತಿದ್ದೆ. ಆಗ ಕಾಗದದ ಮತಪತ್ರ, ರಬ್ಬರ್ ಮುದ್ರೆ. ನಮ್ಮ ಚಾಳಿನ ವಿಜಾಪುರದ ಕಡೆಯ ಒಬ್ಬ ಅಜ್ಜಿ ಮಗನೊಡನೆ ಬಂದಳು. 'ತಾಯಿಗೆ ಕಣ್ಣು ಕಾಣುವುದಿಲ್ಲ, ಮುದ್ರೆ ನಾನೇ ಒತ್ತುತ್ತೇನೆ' ಎಂದು ಮಗ ಅಧಿಕಾರಿಗೆ ಹೇಳಿದ. ಅಧಿಕಾರಿ ಒಪ್ಪಿದರು. ಆದರೆ ಬಾಗಿಲಲ್ಲಿ ಸಾಲಿನಲ್ಲಿ ನಿಂತಿದ್ದಾಗಲೇ ಆ ಅಜ್ಜಿ ಕೋಣೆಯ ಇನ್ನೊಂದು ತುದಿಯಲ್ಲಿದ್ದ ನನ್ನನ್ನು ಗುರುತಿಸಿ, 'ಏನ್ ತಮ್ಮಾ, ಹೆಣ್ತಿ ಊರಿಂದ ಬಂದ್ಲೇನು?' ಎಂದು ಕೂಗಿ ಕೇಳಿದ್ದಳು! ಅವಳ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿತ್ತು. ನಾನು ತಡೆಯಲಿಲ್ಲ. ಏಕೆಂದರೆ ಮಗ ಒತ್ತುವ ಮುದ್ರೆ ನಮ್ಮ ಅಭ್ಯರ್ಥಿಗೇ ಬೀಳುತ್ತದೆಂದು ನನಗೆ ಗೊತ್ತಿತ್ತು. ಮೇಲಾಗಿ ಆ ಮಗ ತಾಯಿಯನ್ನು ಎಷ್ಟು ಜೋಪಾನವಾಗಿ ನೋಡಿಕೊಳ್ಳುತ್ತಿದ್ದನೆಂದು ಇಡೀ ಚಾಳಿಗೇ ತಿಳಿದಿತ್ತು. ಮತ ಹಾಕಿ ಹೊರಗೆ ಬಂದಾಗ ಅಜ್ಜಿ ತನ್ನ ಬೆರಳಿನ ಶಾಯಿಯನ್ನು ನೋಡಿಕೊಂಡಳು, ನನ್ನನ್ನು ನೋಡಲಿಲ್ಲ. ಕಾಲ್ವಿನೊನ ಪುಸ್ತಕ ಓದುವವರೆಗೆ ಅದು ತಪ್ಪೆಂದು ನನಗೆ ಅನಿಸಿರಲೂ ಇಲ್ಲ.

ಕೃತಿಯ ನಿಜವಾದ ಕಷ್ಟ ಇರುವುದು ಇಲ್ಲಿಯೇ. ಬಾದಾಮಿ ಒಡೆದು ಕೊಡುವ ಕೈಯೂ ಮತಪತ್ರದ ಮೇಲೆ ಗುರುತು ಹಾಕುವ ಕೈಯೂ ಒಂದೇ ಆಗಿರಬಹುದು. ಕೊತ್ತೊಲೆಂಗೊದ ಸನ್ಯಾಸಿನಿಯರು ಕಳ್ಳರಲ್ಲ. ಯಾರೂ ಬೇಡವೆಂದವರ ಸೇವೆಗೆ ಜೀವ ತೇದವರು. ಅವರ ಪ್ರೀತಿ ನಿಜ, ಅವರು ಕಸಿದುಕೊಂಡ ಮತವೂ ನಿಜ. ದುಡ್ಡಿಗೆ ಕೊಂಡ ಮತವನ್ನು ಬೈಯುವುದು ಸುಲಭ. ಅಕ್ಕರೆಯಿಂದ ಕಸಿದುಕೊಂಡ ಮತವನ್ನು ಏನೆಂದು ಕರೆಯೋಣ? ಊರಿನಲ್ಲಿ ಯಜಮಾನ ಹೇಳಿದ್ದಕ್ಕೆ, ಮುಂಬಯಿಯಲ್ಲಿ ಕೆಲಸ ಕೊಡಿಸಿದವನು ಹೇಳಿದ್ದಕ್ಕೆ, ಮನೆಯಲ್ಲಿ ಗಂಡನೋ ಮಗನೋ ಹೇಳಿದ್ದಕ್ಕೆ ಮತ ಹಾಕುತ್ತ ಬಂದ ನಾವು ಟ್ಯೂರಿನ್‌ನ ಆ ಧಾಮವನ್ನು ದೂರದಿಂದ ನೋಡಿ ನಗುವಂತಿಲ್ಲ.

ಕೃತಿಯ ಕೊರತೆಗಳನ್ನೂ ಹೇಳಬೇಕು. ಮೊದಲನೆಯದು, ಇದರಲ್ಲಿ ಮತದಾರರಿಗೆ ಮಾತು ಬಹಳ ಕಡಿಮೆ. ಅವರು ಬರುತ್ತಾರೆ, ಕಾಣಿಸುತ್ತಾರೆ, ಅಮೆರಿಗೊನ ಚಿಂತನೆಗೆ ಎಡೆಮಾಡಿಕೊಟ್ಟು ಹೋಗುತ್ತಾರೆ. ಕೊನೆಯ ಹೊತ್ತಿಗೆ ಬರುವ, ಎರಡೂ ಕೈಗಳಿಲ್ಲದ ಗಟ್ಟಿಮುಟ್ಟಾದ ಒಬ್ಬನು ಮಾತ್ರ ತಾನು ಯಾರ ಸಹಾಯವೂ ಇಲ್ಲದೆ ಎಲ್ಲ ಕೆಲಸ ಮಾಡಬಲ್ಲೆನೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಸಾಕಿ ಬೆಳೆಸಿದ ಸನ್ಯಾಸಿನಿಯರನ್ನು ಹೊಗಳುತ್ತಾನೆ. ಅವನೊಬ್ಬ ಬಂದೊಡನೆ ಪುಟಕ್ಕೆ ಗಾಳಿ ಬೆಳಕು ಬಂದಂತಾಗುತ್ತದೆ. ಇಂಥವರು ಇನ್ನಿಬ್ಬರು ಬಾಯಿ ಬಿಟ್ಟಿದ್ದರೆ! ಎರಡನೆಯದು, ಲಿಯಾ ಎಂಬ ಪ್ರೇಯಸಿಯ ಪ್ರಸಂಗ. ತಾನು ಬಸುರಿಯೆಂದು ಅವಳು ಟೆಲಿಫೋನಿನಲ್ಲಿ ಹೇಳುತ್ತಾಳೆ, ಅಮೆರಿಗೊ ಬೆದರುತ್ತಾನೆ. ಹುಟ್ಟು, ವಿಕಲತೆ, ಹೊಣೆ ಇವೆಲ್ಲ ಅವನ ಮನೆಬಾಗಿಲಿಗೇ ಬಂದವೆಂದು ತೋರಿಸುವ ಉದ್ದೇಶ ಸ್ಪಷ್ಟ. ಆದರೆ ಲಿಯಾ ಕೊನೆಯವರೆಗೂ ತಂತಿಯ ಆ ತುದಿಯ ದನಿಯಾಗಿಯೇ ಉಳಿಯುತ್ತಾಳೆ, ಹೆಣ್ಣಾಗಿ ಎದುರಿಗೆ ಬರುವುದಿಲ್ಲ.

ಮೂರನೆಯ ಕೊರತೆ ನನ್ನ ಮಟ್ಟಿಗೆ ದೊಡ್ಡದು. ಮೂಲದ ಶೀರ್ಷಿಕೆಯಲ್ಲಿರುವ ಇಟಾಲಿಯನ್ ಪದಕ್ಕೆ ಬರಿಯ ನೋಡುವವನೆಂದಲ್ಲ, ಮತಗಳನ್ನು ಬಿಚ್ಚಿ ಪರಿಶೀಲಿಸಿ ಎಣಿಸುವವನೆಂದು ಅರ್ಥ. ಆದರೆ ಕಾದಂಬರಿ ಎಣಿಕೆಯವರೆಗೆ ಹೋಗುವುದೇ ಇಲ್ಲ. ಸಂಜೆಯ ಬೆಳಕಿನಲ್ಲಿ ಕಿಟಕಿಯಿಂದ ಕಾಣುವ ಅಂಗಳದ ನೋಟದೊಂದಿಗೆ ಮುಗಿಯುತ್ತದೆ. ಅಲ್ಲಿ ಕುಬ್ಜ ಹೆಂಗಸರು ಸೌದೆ ತುಂಬಿದ ಕೈಗಾಡಿಯನ್ನು ನಗುತ್ತ ತಳ್ಳಿಕೊಂಡು ಹೋಗುತ್ತಾರೆ. ಅತ್ಯಂತ ಅಪೂರ್ಣವಾದ ಊರಿಗೂ ಒಂದು ಪೂರ್ಣವಾದ ಗಳಿಗೆ ಇದೆಯೆಂದು ಅಮೆರಿಗೊಗೆ ಅನಿಸುತ್ತದೆ. ಚೆಲುವಾದ ಮುಕ್ತಾಯ, ಅನುಮಾನವಿಲ್ಲ. ಆದರೂ ಪೆಟ್ಟಿಗೆಯನ್ನು ತೆರೆದಾಗ ಆ ಹೆಂಗಸರ ಮತಪತ್ರಗಳ ಮೇಲೆ ಏನಿತ್ತು? ಸನ್ಯಾಸಿನಿಯರು ಹೇಳಿಕೊಟ್ಟದ್ದನ್ನು ಬಿಟ್ಟು ಬೇರೆಯದಕ್ಕೆ ಗುರುತು ಹಾಕಿದವಳು ಒಬ್ಬಳಾದರೂ ಇದ್ದಳೆ? ಇದ್ದಿದ್ದರೆ ಅವಳೇ ಈ ಕಥೆಯ ನಿಜವಾದ ನಾಯಕಿ. ಕಾಲ್ವಿನೊ ಅವಳನ್ನು ಹುಡುಕಲಿಲ್ಲ.

ಎಣಿಕೆಯ ಮಾತನ್ನು ಸುಮ್ಮನೆ ಎತ್ತಿದ್ದಲ್ಲ. ಕಾಗದದ ಕಾಲದಲ್ಲಿ ಬೇರೆ ಬೇರೆ ಮತಗಟ್ಟೆಗಳ ಮತಪತ್ರಗಳನ್ನು ಬೆರೆಸಿ ಎಣಿಸುವ ಏರ್ಪಾಟು ನಮ್ಮ ನಿಯಮಗಳಲ್ಲಿತ್ತು. ಈಗ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಹೈದರಾಬಾದಿನ ಇಸಿಐಎಲ್ ತಯಾರಿಸಿದ ಯಂತ್ರಗಳು ಮತಗಟ್ಟೆಗೊಂದರಂತೆ ಲೆಕ್ಕ ಕೊಡುತ್ತವೆ. ಯಂತ್ರವನ್ನು ಕಾಯಲು ಏಜೆಂಟನಿಗೆ ಬೇಕಾದ ಅನುಕೂಲಗಳಿವೆ: ಮತದಾನಕ್ಕೆ ಮೊದಲು ಐವತ್ತಾದರೂ ಅಣಕು ಮತ ಹಾಕಿ ತೋರಿಸುತ್ತಾರೆ; ಸಂಜೆ ಒಟ್ಟು ಬಿದ್ದ ಮತಗಳ ಲೆಕ್ಕವಿರುವ 17ಸಿ ನಮೂನೆಯ ಪ್ರತಿಯನ್ನು ಸಹಿ ಮಾಡಿ ಕೊಡುತ್ತಾರೆ. ಇವೆಲ್ಲ ಒಳ್ಳೆಯವೇ. ಆದರೆ ಯಾವ ಓಣಿ ಯಾರ ಮಾತು ಮೀರಿತು ಎಂಬುದು ಎಣಿಕೆಯ ದಿನ ಎಲ್ಲರಿಗೂ ತಿಳಿದುಹೋಗುತ್ತದೆ. ಕೊತ್ತೊಲೆಂಗೊದಂಥ ಜಾಗದಲ್ಲಿ ಇದರ ಅರ್ಥವೇನೆಂದು ಯೋಚಿಸಿ. ಹಲವು ಯಂತ್ರಗಳ ಮತವನ್ನು ಕೂಡಿಸಿ ಎಣಿಸುವ ಉಪಕರಣವನ್ನು ಚುನಾವಣಾ ಆಯೋಗ 2008ರಲ್ಲಿಯೇ ಸೂಚಿಸಿತ್ತು. ಅದು ಜಾರಿಗೆ ಬರಲಿಲ್ಲ.

ಅಮೆರಿಗೊ ಹೋದ ಆ ರೋಗಿಗಳ ಕೋಣೆಯೂ ಈಗ ನಮಗೆ ದೂರದ್ದಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಮೊದಲ ಬಾರಿಗೆ 80 ದಾಟಿದ ವೃದ್ಧರೂ ಅಂಗವಿಕಲರೂ ಬಯಸಿದರೆ ಮನೆಯಿಂದಲೇ ಮತ ಹಾಕುವ ಅವಕಾಶ ಬಂತು. 2024ರ ಲೋಕಸಭಾ ಚುನಾವಣೆಗೆ ಆ ವಯಸ್ಸು 85 ಆಯಿತು. ಅಧಿಕಾರಿಗಳ ತಂಡ ಮನೆಗೆ ಬಂದು, ಎಲ್ಲವನ್ನೂ ವೀಡಿಯೊ ತೆಗೆದು, ಮತಪತ್ರ ಪಡೆದುಕೊಂಡು ಹೋಗುತ್ತದೆ. ಊರಿನಲ್ಲಿರುವ ನಮ್ಮ ತಂದೆತಾಯಿಗಳಲ್ಲಿ ಎಷ್ಟೋ ಜನ ಹೀಗೆ ಮತ ಹಾಕಿದರು. ಬಹಳ ಮಾನವೀಯವಾದ ಏರ್ಪಾಟು. ಆದರೆ ಮಂಚದ ಪಕ್ಕದಲ್ಲಿ ನಿಂತು 'ಇಲ್ಲಿ ಒತ್ತು ಅಮ್ಮ' ಎನ್ನುವ ಮಗನನ್ನು ನೋಡುವವರು ಯಾರು? ಕ್ಯಾಮೆರಾಕ್ಕೆ ಕಾಣುವುದು ಪ್ರೀತಿಯ ಮಗ ಮಾತ್ರ. ಅವನು ಕೋಣೆಯ ಹೊರಗೆ ಹೋಗಲಿ ಎನ್ನುವುದಕ್ಕೆ ಒಬ್ಬ ಮನುಷ್ಯನೇ ಬೇಕು. ಅಥವಾ ಆ ಮಗನೇ ತಾನಾಗಿ ಎದ್ದು ಹೊರಗೆ ಹೋಗಬೇಕು.

ಕಾಲ್ವಿನೊನ ಕಾದಂಬರಿ ರಂಜನೆಗೆ ಓದುವಂಥದಲ್ಲ. ಗೊಂದಲದ ಪುಟಗಳಿವೆ, ಒಣ ತರ್ಕದ ಪುಟಗಳಿವೆ. ಆದರೂ ಮುಂದಿನ ಸಲ ಯಾವ ಪಕ್ಷದವರೇ ಆಗಲಿ ಬಂದು, 'ಒಂದು ದಿನ ಮತಗಟ್ಟೆಯಲ್ಲಿ ಕೂತುಕೊಳ್ಳುತ್ತೀರಾ ಮಾರಾಯ್ರೇ' ಎಂದು ಕೇಳಿದರೆ ಒಲ್ಲೆನೆನ್ನುವ ಮೊದಲು ಇದನ್ನು ಓದಿ. ಒಪ್ಪಿಕೊಂಡರೆ ತಪ್ಪದೆ ಓದಿ. ಎದುರಾಳಿಯ ಮೋಸವನ್ನು ಹಿಡಿಯಲು ಹೋದವನಿಗೆ ತನ್ನ ಕಡೆಯ ಅಕ್ಕರೆಯ ಮೋಸ ಕಂಡಾಗ ಬಾಯಿ ಬರುತ್ತದೆಯೆ ಎಂಬುದೇ ಅಲ್ಲಿ ನಡೆಯುವ ಪರೀಕ್ಷೆ. ನಾನು ಆ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಆ ಅಜ್ಜಿ ಈಗಿಲ್ಲ. ಆ ದಿನ ಮುದ್ರೆಯನ್ನು ಅವಳ ಕೈಗೇ ಕೊಟ್ಟಿದ್ದರೆ ಎಲ್ಲಿ ಒತ್ತುತ್ತಿದ್ದಳೋ, ಅದು ಅವಳೊಬ್ಬಳಿಗೆ ಗೊತ್ತಿರಬೇಕಾದ ವಿಷಯವಾಗಿತ್ತು.